ಮನಃಶುದ್ಧಿ ಇಲ್ರಿ

ನಮ್ಮ ಮನೆಯಲ್ಲಿ ಹೆಂಗಸರ ಊಟ ಸೂರ್ಯನ ಕೈಯಲ್ಲಿತ್ತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿರಲಿಲ್ಲ. ನಿಯಮ ಎಲ್ಲರಿಗೂ ಒಂದೇ, ಆದರೆ ಸೂರ್ಯ ಮಾತ್ರ ಗಂಡಸರ ಕಡೆಯವನು. ಅಪ್ಪ ಹೊಲದಿಂದ ಬರುವಷ್ಟರಲ್ಲಿ ಹಿತ್ತಲ ಗೋಡೆ ಕೆಂಪಾಗಿರುತ್ತಿತ್ತು. ನಿಪ್ಪಾಣಿಯಿಂದ ತಂಬಾಕು ನೋಡಲು ಬಂದ ದಲಾಲರು ಒಬ್ಬಿಬ್ಬರು ಜೊತೆಗೆ ಇದ್ದೇ ಇರುತ್ತಿದ್ದರು. ಪಡಸಾಲೆಯಲ್ಲಿ ಸಾಲಾಗಿ ಕುಳಿತು, ಬಿಸಿ ರೊಟ್ಟಿ ಬಂದಹಾಗೆ ಉಣ್ಣುತ್ತ, ದರದ ಮಾತಾಡುತ್ತ, ಮತ್ತೆ ಮಜ್ಜಿಗೆ ಕೇಳುತ್ತ ಅವರು ಏಳುತ್ತಲೇ ಇರಲಿಲ್ಲ. ಕೊನೆಗೆ ಅವರು ಕೈ ತೊಳೆದಾಗ ಅವ್ವ ಒಲೆಯ ಮುಂದಿನಿಂದ ಎದ್ದು ಹಿತ್ತಲ ಬಾಗಿಲಿಗೆ ಓಡಿ ಆಕಾಶ ನೋಡುತ್ತಿದ್ದಳು. ಬೆಳಕಿದ್ದರೆ ಊಟ. ಇಲ್ಲದಿದ್ದರೆ ಉಳಿದ ರೊಟ್ಟಿ ಎಮ್ಮೆಗೆ. ಎಷ್ಟೋ ಸಂಜೆ ನನ್ನವ್ವನ ಪಾಲಿನ ಊಟವನ್ನು ನಮ್ಮ ಎಮ್ಮೆ ಉಂಡಿದೆ. ಅದಕ್ಕೆ ಆಯಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದ ಸಮಾಧಾನ ಒಂದೇ:

"ಬಿಡ ಕುಸುಮಾ, ಉಪಾಸದ ಪುಣ್ಯಾ ಪುಕ್ಕಟ ಬಂತು."

ಪುಕ್ಕಟೆ ಪುಣ್ಯದ ಮೇಲೆ ನನಗೆ ಅಂದಿನಿಂದಲೇ ಸಿಟ್ಟು. ಈಗ ಐವತ್ತು ದಾಟಿದೆ, ಸಿಟ್ಟು ಮಾತ್ರ ಹಾಗೇ ಇದೆ. ತಾನಾಗಿ ಮನಸ್ಸು ಮಾಡಿ ಹಿಡಿದ ಉಪವಾಸಕ್ಕೂ, ಯಾರೋ ಮಜ್ಜಿಗೆ ಹೆಚ್ಚಿಗೆ ಕೇಳಿದ್ದರಿಂದ ತಲೆಗೆ ಬಂದ ಉಪವಾಸಕ್ಕೂ ಒಂದೇ ಪುಣ್ಯ ಸಿಗುವುದಾದರೆ, ಲೆಕ್ಕ ಇಡುವವನು ಯಾರೇ ಇರಲಿ, ಅವನು ನಿದ್ದೆಗಣ್ಣಿನಲ್ಲಿದ್ದಾನೆ ಎಂದೇ ನನ್ನ ತಿಳಿವಳಿಕೆ. ಇದನ್ನು ಹೇಳಿ ನಾನು ನೆಂಟರ ಮನೆಗಳಲ್ಲಿ ಸಾಕಷ್ಟು ಬೈಸಿಕೊಂಡಿದ್ದೇನೆ.

ಅಕ್ಕೋಳದ ಆ ಮನೆಯನ್ನು ನೆನೆದರೆ ನನಗೆ ಮೊದಲು ಬರುವುದು ಸೀನು. ಸುಗ್ಗಿ ಮುಗಿದು ತಂಬಾಕು ಅಟ್ಟಕ್ಕೆ ಏರಿತೆಂದರೆ ಅದರ ಘಾಟು ಹಾಸಿಗೆ, ದಿಂಬು, ಪಾಟಿಚೀಲ ಒಂದನ್ನೂ ಬಿಡುತ್ತಿರಲಿಲ್ಲ. ನಮಗೆ ರೂಢಿಯಾಗಿತ್ತು. ಹೊರಗಿನವರು ಬಾಗಿಲು ದಾಟಿದ ಕೂಡಲೇ ಸೀನುತ್ತಿದ್ದರು. ಯಾರ ಮನೆ ಎಂದು ಕೇಳಬೇಕಾಗಿಯೇ ಇರಲಿಲ್ಲ. ಅವ್ವ ಅಥಣಿಯ ಕಡೆಯವಳು. ಕೃಷ್ಣಾ ದಂಡೆಯ ಹಳ್ಳಿ, ತಂಬಾಕಿನ ಗಂಧವೇ ಇಲ್ಲದ ಊರು. ಮದುವೆಯಾಗಿ ಬಂದವಳು ಹೊಸ್ತಿಲ ಮೇಲಿನ ಅಕ್ಕಿಸೇರು ಒದೆಯುವ ಮೊದಲೇ ಸೀನಿಬಿಟ್ಟಳಂತೆ. "ಅಗ ಬಾಯಿ, ಅಪಶಕುನ!" ಎಂದು ಆಯಿ ಎದೆ ಹಿಡಿದುಕೊಂಡಳಂತೆ. ಆಯಿಗೆ ಬೆರಗಾದರೂ ಸಿಟ್ಟು ಬಂದರೂ ಬಾಯಿಗೆ ಮರಾಠಿ ಬರುತ್ತಿತ್ತು. ಅತ್ತೆ ಸೊಸೆಯರ ಜಗಳ ಅಲ್ಲಿಂದಲೇ ಶುರುವಾಯಿತು ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದ, ಆಯಿ ಇಲ್ಲದಾಗ ಮಾತ್ರ. ಆಯಿ ಇದ್ದಾಗ ಅವನು ನಗುವುದಕ್ಕೂ ಅಪ್ಪಣೆ ಕಾಯುತ್ತಿದ್ದ. ಅಪ್ಪ ಕೆಟ್ಟವನಲ್ಲ. ಅವನ ಬಾಯಲ್ಲಿ ಇದ್ದದ್ದೇ ಒಂದು ಮಾತು: "ಆಯಿ ಅಂದಾಳ." ಆಯಿ ಅಂದಿದ್ದಾಳೆ, ಆದ್ದರಿಂದ ಬಿತ್ತಬೇಕು, ಆಯಿ ಅಂದಿದ್ದಾಳೆ, ಆದ್ದರಿಂದ ಮಾರಬೇಕು. ನನಗೆ ಸುನಂದಾ ಎಂದು ಹೆಸರಿಟ್ಟದ್ದೂ ಆಯಿ ಅಂದದ್ದರಿಂದಲೇ. ಆಯಿಗೂ ಪಾಪ, ಎಲ್ಲದಕ್ಕೂ ಒಂದೇ ಆಧಾರ: ಆಕೆಯ ಅತ್ತೆ ಹಾಗೆ ಮಾಡಿಸಿದ್ದಳು.

ಅವ್ವನ ತವರಲ್ಲಿ ಹೆಂಗಸರು ಹೊಲ ಮಾಡುತ್ತಿದ್ದರು. ಬಡತನಕ್ಕಲ್ಲ, ಖುಷಿಗೆ. ಅವರ ಮನೆಯಲ್ಲಿ ಅಜ್ಜಿಯೇ ಬೀಜ ಆರಿಸಬೇಕು, ಅಜ್ಜಿಯೇ ಬಳ್ಳಿಗೆ ಹಂದರ ಕಟ್ಟಬೇಕು. ನಮ್ಮ ಮನೆಯಲ್ಲಿ ಅದು ಮರ್ಯಾದೆಯ ಪ್ರಶ್ನೆ. ಎಕರೆಗಟ್ಟಲೆ ತಂಬಾಕು, ಹಳ್ಳದ ಆಚೆ ಕಬ್ಬು ಇದ್ದ ಮನೆಯ ಸೊಸೆ ಮಣ್ಣು ಮುಟ್ಟಬಾರದು. ಅವ್ವ ಬಂದ ಹೊಸದರಲ್ಲಿ ಒಮ್ಮೆ ಕಳೆ ತೆಗೆಯಲು ಕುಳಿತಿದ್ದಳಂತೆ. ಆಯಿ ಊರಿಗೆ ಕೇಳುವಹಾಗೆ ಅಂದಳಂತೆ:

"ನಮ್ಮ ಮನಿ ಸೊಸಿ ಬಿಸಲಾಗ ಕುಂತ ಕಸಾ ತಗದ್ರ, ಮಂದಿ ಏನ ಅಂದಾರು? ಮನ್ಯಾಗಿನ ಕೆಲಸ ಕಡಿಮಿ ಆಗೇತೇನ ನಿನಗ?"

ಕಡಿಮೆ ಏನೂ ಆಗಿರಲಿಲ್ಲ. ಆದರೂ ಅವ್ವ ಉಪಾಯ ಹುಡುಕಿದಳು. ಊರಂಚಿನ ನಮ್ಮ ಹೊಲದಲ್ಲಿ ಬಾವಿಯ ಪಕ್ಕಕ್ಕೆ ಒಂದು ಮೂಲೆಯಿತ್ತು, ಎತ್ತು ಸರಿಯಾಗಿ ತಿರುಗಲಾರದಷ್ಟು ಇಕ್ಕಟ್ಟು. ಯಾರಿಗೂ ಬೇಡವಾದ ಆ ಮೂಲೆಯಲ್ಲಿ ಅವ್ವ ತವರಿನಿಂದ ತಂದ ಹೀರೆ, ಸೌತೆ, ಸೋರೆಯ ಬೀಜ ಹಾಕಿದಳು. ಮಧ್ಯಾಹ್ನ ಆಯಿ ಅಡ್ಡಾದ ಕೂಡಲೇ ನನ್ನ ಕೈ ಹಿಡಿದು ಬೇಲಿಯ ಸಂದಿಯಿಂದ, ಊರವರ ಕಣ್ಣಿಗೆ ಬೀಳದ ದಾರಿಯಲ್ಲಿ ಅಲ್ಲಿಗೆ ಹೋಗುತ್ತಿದ್ದಳು. ಅಲ್ಲಿ ಅವಳು ಬೇರೆಯೇ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳ್ಳಿಗಳನ್ನು ಹೆಸರು ಹಿಡಿದು ಬೈಯುತ್ತ, ಮುದ್ದಿಸುತ್ತ, ನಗುತ್ತ ಓಡಾಡುತ್ತಿದ್ದಳು. ಅವ್ವನಿಗೆ ಅಷ್ಟು ದೊಡ್ಡ ನಗು ಇದೆ ಎಂದು ನನಗೆ ಗೊತ್ತಾದದ್ದೇ ಆ ಮೂಲೆಯಲ್ಲಿ. ಒಂದೇ ಒಂದು ಕೊರತೆ ಇತ್ತು. ಹೀರೆಯ ಹೂ ಅರಳುವುದು ಸಂಜೆಗೆ. ಸಂಜೆಗೆ ಅವಳು ಒಲೆಯ ಮುಂದೆ ಇರಬೇಕು. ಹಾಗಾಗಿ ತಾನೇ ಬೆಳೆಸಿದ ಬಳ್ಳಿಯಲ್ಲಿ ಅವಳು ಮೊಗ್ಗು ನೋಡಿದ್ದಳು, ಕಾಯಿ ನೋಡಿದ್ದಳು. ಅರಳಿದ ಹೂ ಮಾತ್ರ ನೋಡಿರಲಿಲ್ಲ.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ನಮ್ಮೂರಿಗೆ ಒಬ್ಬ ದಿಗಂಬರ ಮುನಿಗಳು ಚಾತುರ್ಮಾಸಕ್ಕೆ ಬಂದರು. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುವ ವ್ರತ ಅದು. ಅವರು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲೇ ಉಣ್ಣುವವರು. ಅವರಿಗಾಗಿ ಊರಿನ ಮನೆಮನೆಯಲ್ಲಿ ಚೌಕ ಹಾಕುತ್ತಿದ್ದರು. ಚೌಕವೆಂದರೆ ಹುಡುಗಾಟವಲ್ಲ. ನಸುಕಿಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಮಡಿಸೀರೆಯುಟ್ಟು, ಊರಲ್ಲಿ ಗಿರಣಿ ಇದ್ದರೂ ಬೀಸುಕಲ್ಲಿನಲ್ಲೇ ಅಂದಂದಿನ ಹಿಟ್ಟು ಬೀಸಿ, ಬಾವಿಯ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳು ಸಾಯದಂತೆ ಅದನ್ನು ಮತ್ತೆ ಅದೇ ಬಾವಿಗೆ ಬಿಟ್ಟು ಬರಬೇಕು. ಇದೆಲ್ಲ ಮುಗಿಸಿ ಮನೆಯ ದಂಪತಿ ತುಂಬಿದ ಕಲಶ, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಮುನಿಗಳು ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಂಡು ಬಸದಿಯಿಂದ ಹೊರಡುತ್ತಾರೆ: ಇಂಥದ್ದು ಕಂಡರೆ ಮಾತ್ರ ಇವತ್ತು ಆಹಾರ. ಅದು ಏನೆಂದು ಯಾರಿಗೂ ಗೊತ್ತಿಲ್ಲ. ಅದು ಕಂಡ ಮನೆಯ ಮುಂದೆ ನಿಲ್ಲುತ್ತಾರೆ. ಆಗ ಮನೆಯವರು ಮೂರು ಸುತ್ತು ಪ್ರದಕ್ಷಿಣೆ ಹಾಕಿ, ಮನಃಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧಿ ಎಂದು ಬಾಯಿಬಿಟ್ಟು ಹೇಳಿ ಒಳಗೆ ಕರೆಯಬೇಕು. ಮನಸ್ಸು ಶುದ್ಧವಿದೆ, ಮಾತು ಶುದ್ಧವಿದೆ, ಮೈ ಶುದ್ಧವಿದೆ, ಅನ್ನ ನೀರು ಶುದ್ಧವಿದೆ. ಮೊದಲನೆಯದು ಮನಸ್ಸು.

ಶ್ರಾವಣ ಹತ್ತಿರ ಬಂದರೂ ಮುನಿಗಳು ನಮ್ಮ ಬಾಗಿಲಲ್ಲಿ ನಿಂತಿರಲಿಲ್ಲ. ಓಣಿಯ ಮೇಲಿನ ಮನೆ, ಕೆಳಗಿನ ಮನೆ ಎರಡಕ್ಕೂ ಹೋಗಿದ್ದರು. ಆಯಿ ಒಳಗೊಳಗೇ ಕುದಿಯುತ್ತಿದ್ದಳು. ಇಷ್ಟು ದೊಡ್ಡ ಮನೆ, ಏನು ಕಡಿಮೆಯಾಗಿದೆ? ಕೊನೆಗೆ ಕಾರಣ ಅವಳಿಗೆ ತಾನಾಗಿ ಹೊಳೆಯಿತು. ಸೊಸೆ ಮಧ್ಯಾಹ್ನ ಕದ್ದು ಹೊಲಕ್ಕೆ ಹೋಗುತ್ತಾಳೆ, ಮಣ್ಣು ಕೆದರುತ್ತಾಳೆ, ಹುಳುಹುಪ್ಪಡಿ ಸಾಯುತ್ತವೆ, ಅದೇ ದೋಷ. ಮನೆಯ ಹೊಲದಲ್ಲಿ ಅಪ್ಪನ ನೇಗಿಲಿಗೆ ಎಷ್ಟು ಹುಳು ಸಾಯುತ್ತವೆ ಎಂದು ಆಯಿ ಎಂದೂ ಚಿಂತಿಸಿದ್ದಿಲ್ಲ. ಅವ್ವ ಚೌಕದ ತಯಾರಿಯಲ್ಲಿ ಮನೆ ಬಿಟ್ಟು ಅಲುಗದಿದ್ದ ಒಂದು ದಿನ ಆಯಿ ಅಪ್ಪನನ್ನು ಕರೆದು ಹೇಳಬೇಕಾದ್ದನ್ನು ಹೇಳಿದಳು. ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ಒಂದು ಬುಟ್ಟಿ ಹೀರೆಕಾಯಿ ತಂದು ಚೌಕದ ಬಾಗಿಲಲ್ಲಿ ಇಟ್ಟ.

ನಾನು ಅಲ್ಲೇ ಇದ್ದೆ. ಅವ್ವ ಬುಟ್ಟಿಗೆ ಕೈ ಹಾಕಿದವಳು ಹಾಗೆಯೇ ನಿಂತಳು. ಬುಟ್ಟಿಯಲ್ಲಿ ಬಲಿತ ಕಾಯಿಯಿತ್ತು, ಎಳೆಯ ಕಾಯಿಯಿತ್ತು. ಹೆಬ್ಬೆರಳಿನಷ್ಟು ಸಹ ಇಲ್ಲದ ಮಿಡಿಗಳೂ ಇದ್ದವು, ತುದಿಯಲ್ಲಿ ಬಾಡಿದ ಹೂ ಇನ್ನೂ ಅಂಟಿಕೊಂಡಿತ್ತು. ನಾಳೆ ಬಳ್ಳಿ ಇರುತ್ತದೆ ಅನ್ನುವವರು ಯಾರೂ ಮಿಡಿ ಕೀಳುವುದಿಲ್ಲ. ಅವ್ವನಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

"ಬಳ್ಳಿ ಎಲ್ಲಿ ಅದಾವ್ರಿ?"

ಅಪ್ಪ ನೆಲ ನೋಡಿದ.

"ಆಯಿ ಅಂದ್ಲು. ಆ ಮೂಲಿಗೂ ತಂಬಾಕ ಅಗಿ ಹಚ್ಚಬೇಕಂತ. ನಿನ್ನಿ ಸಂಜಿಕ ನೇಗಿಲಾ ಹೊಡದಿನಿ, ಅಗೀನೂ ಹಚ್ಚಿ ಬಂದಿನಿ."

"ನಿಮಗ ಮನಸ ಇತ್ತೇನ್ರಿ?"

"ಮನಸಿಂದ ಏನ ಐತಿ ಇದ್ರಾಗ? ಆಯಿ ಅಂದ್ಲು, ಮಾಡಿನಿ."

ಅವ್ವ ಅಳಲಿಲ್ಲ, ಕೂಗಲಿಲ್ಲ. ಮಿಡಿಗಳನ್ನೆಲ್ಲ ಆರಿಸಿ ಮೊರದಲ್ಲಿ ಬೇರೆ ಇಟ್ಟಳು. ಉಳಿದ ಕಾಯಿ ತೊಳೆದು, ಸೋಸಿ ನೋಡಿ, ಹೆಚ್ಚಿ ಪಲ್ಯ ಮಾಡಿದಳು. ಅನ್ನ, ತೊವ್ವೆ, ಹಾಲು, ತುಪ್ಪ, ಯಾವುದರಲ್ಲೂ ಲೋಪವಿಲ್ಲ. ಆಮೇಲೆ ಕಲಶ ಎತ್ತಿಕೊಂಡು ಅಪ್ಪನ ಪಕ್ಕ ಬಾಗಿಲಲ್ಲಿ ನಿಂತಳು. ತೆಂಗಿನಕಾಯಿ ನನ್ನ ಕೈಯಲ್ಲಿ. ಆಯಿ ನಮ್ಮ ಹಿಂದೆ, ಹೊಸ್ತಿಲ ಒಳಗೆ. ಓಣಿಯ ಎರಡೂ ಬದಿ ಮನೆಯವರು ನಿಂತು "ನಮೋಸ್ತು ನಮೋಸ್ತು, ಅತ್ರ ತಿಷ್ಠ ತಿಷ್ಠ" ಎಂದು ಕೂಗುತ್ತಿದ್ದರು. ಮುನಿಗಳು ಬಲಗೈಯ ಬೆರಳು ಕೂಡಿಸಿ ಹೆಗಲ ಮೇಲೆ ಇಟ್ಟುಕೊಂಡು ಬರುತ್ತಿದ್ದರು. ಆ ಕೈ ಹೆಗಲ ಮೇಲೆ ಇರುವವರೆಗೆ ಅವರು ಆಹಾರಕ್ಕೆ ಹೊರಟಿದ್ದಾರೆ ಎಂದರ್ಥ. ಕೆಳಗಿಳಿದರೆ ಅಂದಿಗೆ ಉಪವಾಸ. ಮೇಲಿನ ಮನೆ ದಾಟಿದರು. ಅವರ ಎದುರಿನ ಮನೆ ದಾಟಿದರು. ನಮ್ಮ ಮುಂದೆ ಬಂದು ನಿಂತುಬಿಟ್ಟರು. ಹಿಂದಿನಿಂದ ಆಯಿಯ ಉಸಿರು ನನಗೆ ಕೇಳಿಸಿತು.

ಮೂರು ಸುತ್ತು ಪ್ರದಕ್ಷಿಣೆ ಆಯಿತು. ಶುದ್ಧಿಯ ಮಾತನ್ನು ನಮ್ಮ ಮನೆಯಲ್ಲಿ ಅವ್ವನೇ ಮೊದಲು ಹೇಳಬೇಕು, ಅಪ್ಪ ಹಿಂದಿನಿಂದ ಗುನುಗಬೇಕು. ಅವನಿಗೆ ನಾಲ್ಕು ಜನರ ಮುಂದೆ ಬಾಯಿ ಏಳುತ್ತಿರಲಿಲ್ಲ. ಅವ್ವ ಕಲಶವನ್ನು ಎರಡೂ ಕೈಯಲ್ಲಿ ಹಿಡಿದು, ಎಂದಿನ ದನಿಯಲ್ಲೇ ಹೇಳಿದಳು:

"ಸ್ವಾಮಿ, ವಚನಶುದ್ಧಿ ಐತಿ. ಕಾಯಶುದ್ಧಿ ಐತಿ. ಆಹಾರ ಜಲ ಶುದ್ಧ ಐತಿ. ಮನಃಶುದ್ಧಿ ಇಲ್ರಿ."

ಹೊಸ್ತಿಲ ಒಳಗಿನಿಂದ ಆಯಿ ಕೂಗಿದಳು:

"ಐತ್ರಿ ಸ್ವಾಮಿ, ಐತ್ರಿ! ಹುಚ್ಚಿ ಅದಾಳ, ತಪ್ಪಿ ಅಂದ್ಲು!"

ಅವ್ವ ಹಿಂದೆ ತಿರುಗಲಿಲ್ಲ.

"ಅವರ ಮನಸ ಅವರಿಗೆ ಗೊತ್ತ್ರಿ. ಅಡಿಗಿ ಮಾಡಿದಾಕಿ ನಾನು. ಸಿಟ್ಟಿನ್ಯಾಗ ಮಾಡೇನಿ. ಸುಳ್ಳ ಹೇಳಿ ನಿಮ್ಮ ಕೈಯಾಗ ಅನ್ನಾ ಹಾಕಾಕ ನನ್ನಿಂದ ಆಗೂದಿಲ್ಲ."

ಮುನಿಗಳು ಅವಳನ್ನು ನೋಡಿದರೋ ನೆಲವನ್ನು ನೋಡಿದರೋ ನನಗೆ ತಿಳಿಯಲಿಲ್ಲ. ಆಹಾರಕ್ಕೆ ಹೊರಟಾಗ ಅವರು ಮಾತಾಡುವುದಿಲ್ಲ. ನಿಧಾನಕ್ಕೆ ಹೆಗಲ ಮೇಲಿನ ಕೈ ಕೆಳಗೆ ಇಳಿಯಿತು. ನವಿಲುಗರಿಯ ಪಿಂಛಿ, ಕಮಂಡಲು ಹಿಡಿದು ಬಂದ ದಾರಿಯಲ್ಲೇ ಬಸದಿಗೆ ಮರಳಿದರು. ಅಂದು ಅವರಿಗೆ ನೀರೂ ಇಲ್ಲ.

ಆಮೇಲಿನ ಗದ್ದಲವನ್ನು ಬರೆಯಲು ನನಗೆ ಉತ್ಸಾಹವಿಲ್ಲ. ಸ್ವಾಮಿಗಳನ್ನು ಹಸಿದು ಕಳಿಸಿದ ಮನೆ ಎಂದು ಊರೆಲ್ಲ ಆಡಿಕೊಂಡಿತು. ಬೆಳಗಿನಿಂದ ನಮ್ಮ ಬಾಗಿಲಿಗೆ ಬಂದು ಹಣಿಕಿ ಹೋದವರು ಎಷ್ಟೋ. ಹಿಂದಿನ ದಿನದವರೆಗೆ ಅವ್ವನ ಕೈಯ ಹೋಳಿಗೆ ಹೊಗಳಿದ ಬಾಯಿಗಳೇ ಅವಳ ತವರನ್ನು ಜಾಲಾಡಿದವು. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಅತ್ತಳು. ಅವ್ವನೂ ಅತ್ತಳು, ಒಲೆಯ ಮುಂದೆ. ಅಪ್ಪ ಬಂದು, "ಅಳೂದಿತ್ತಂದ್ರ ಅನ್ನೂದ್ಯಾಕ ಬೇಕಿತ್ತ?" ಎಂದ. ಅವ್ವ ಮೂಗು ಒರೆಸಿಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ:

"ಅವರ ಹಸಿವಿಗೆ ಅಳಾಕತ್ತೇನಿ. ನಿಮ್ಮ ಮರ್ಯಾದಿಗೆ ಅಲ್ಲ."

ಅಂದು ಅವಳೂ ಹನಿ ನೀರು ಮುಟ್ಟಲಿಲ್ಲ. ಯಾರೂ ತಲೆಗೆ ಕಟ್ಟಿದ ಉಪವಾಸ ಅದಲ್ಲ, ತಾನೇ ಹಿಡಿದದ್ದು. ಮರುದಿನ ಆಯಿ ನನ್ನ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಬಸದಿಗೆ ಕರೆದುಕೊಂಡು ಹೋದಳು. ಸೊಸೆಯ ತಪ್ಪಿಗೆ ಪ್ರಾಯಶ್ಚಿತ್ತ ಕೊಡಬೇಕು, ಎಷ್ಟು ಉಪವಾಸ ಹೇಳಿದರೂ ಮಾಡಿಸುತ್ತೇನೆ ಎಂದು ಮುನಿಗಳ ಮುಂದೆ ಅಡ್ಡಬಿದ್ದಳು. ಅವರು ಓದುತ್ತಿದ್ದರು. ತಲೆಯೆತ್ತಿ ಹೇಳಿದರು:

"ಸುಳ್ಳ ಹೇಳಿದವರಿಗೆ ಪ್ರಾಯಶ್ಚಿತ್ತ ಐತಿ ಆಯಿ. ಖರೇ ಹೇಳಿದವರಿಗೆ ಏನ ಕೊಡ್ಲಿ?"

ಅಷ್ಟೇ ಹೇಳಿ ಮತ್ತೆ ಓದಲು ತೊಡಗಿದರು. ಮನೆಗೆ ಬಂದ ಕೂಡಲೇ ಆಯಿ ಕಾಯುತ್ತಿದ್ದವರಿಗೆಲ್ಲ, "ಭಾಳ ಸಿಟ್ಟಾಗ್ಯಾರ ಸ್ವಾಮಿಗಳು, ಹೇಳೂದ ಬ್ಯಾಡ!" ಎಂದುಬಿಟ್ಟಳು. ನಾನು ಬಾಯಿ ತೆರೆದೆ. ಆಯಿ ನನ್ನ ರಟ್ಟೆ ಹಿಂಡಿದಳು. ರಟ್ಟೆ ಬಿಟ್ಟ ಕೂಡಲೇ ಅಡಿಗೆಮನೆಗೆ ಓಡಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ.

"ಸ್ವಾಮಿಗಳ ಮಾತ ದೊಡ್ಡದು. ಅದು ಅವರ ಹತ್ರ ಇರ್ಲಿ," ಎಂದಳು. "ನನ್ನ ಬಳ್ಳಿ ಯಾರ ಕೊಡ್ತಾರ?"

ಯಾರೂ ಕೊಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಮಧ್ಯಾಹ್ನ ಕೆಲಸ ಮುಗಿಸಿ, ಕೈಯಲ್ಲಿ ಕಳೆ ತೆಗೆಯುವ ಕುರುಪಿ ಹಿಡಿದು ಮುಂಬಾಗಿಲಿನಿಂದ ಹೊರಬಿದ್ದಳು. ಬೇಲಿಯ ಸಂದಿ ಅಲ್ಲ. ಊರ ನಡುವಿನ ದಾರಿ, ಬಸದಿಯ ಮುಂದಿನಿಂದ, ಚಾವಡಿಯ ಮುಂದಿನಿಂದ. ತಲೆಯ ಮೇಲೆ ಸೆರಗಿತ್ತು, ತಲೆ ಮಾತ್ರ ಬಗ್ಗಿರಲಿಲ್ಲ. ಕಟ್ಟೆಯ ಮೇಲೆ ಕುಳಿತವರು ಕತ್ತು ತಿರುಗಿಸಿ ನೋಡಿದರು. ನಾನು ಹಿಂದೆ ಓಡಿದೆ. ನನಗೆ ಹೆದರಿಕೆಯೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಮೂಲೆಯಲ್ಲಿ ತಂಬಾಕಿನ ಅಗಿಗಳು, ಎಳೆಯ ಸಸಿಗಳು, ಸಾಲಾಗಿ ನಿಂತಿದ್ದವು. ಕಿತ್ತು ಬಿಸಾಕುತ್ತಾಳೆ ಎಂದು ನಾನು ಕಾದೆ. ಅವ್ವ ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಅಗಿಯನ್ನು ಬೇರಿನ ಮಣ್ಣಿನ ಸಮೇತ ಎತ್ತಿ ಬುಟ್ಟಿಯಲ್ಲಿ ಜೋಡಿಸಿದಳು. ತುಂಬಿದ ಬುಟ್ಟಿಯನ್ನು, ಅಷ್ಟರಲ್ಲಿ ಬಂದು ದೂರದಲ್ಲಿ ನಿಂತಿದ್ದ ಅಪ್ಪನ ಕಾಲ ಬಳಿ ಇಟ್ಟಳು.

"ಇವೂ ಜೀವಾನ ಅದಾವ. ಬಾಡೂದ್ರೊಳಗ ಬ್ಯಾರೆ ಕಡೆ ಹಚ್ಚರಿ. ಈ ಮೂಲಿ ನಂದು."

"ಆಯಿಗೆ ಏನ ಹೇಳ್ಲಿ?"

"ನಾನ ಹೇಳ್ತೇನಿ. ಇನ್ನ ಕೇಳ್ರಿ, ನಿಮಗೂ ಹೇಳೂದೈತಿ. ಅಡಿಗಿ ನನಗ ಬ್ಯಾಸರ ಅಲ್ಲ. ಎಂದೂ ಅಲ್ಲ. ನೀ ಮಾಡ್ತಿಯೇನ ಅಂತ ನನ್ನ ಯಾರೂ ಕೇಳಲಿಲ್ಲ, ಅದು ಬ್ಯಾಸರ. ಬಿಸಲಾಗ ಬೆನ್ನ ಸುಡತೈತಿ, ಇಲ್ಲಿ ನನಗ ದಣಿವ ಆಗೂದಿಲ್ಲ. ಅಲ್ಲಿ ನೆಳ್ಳಾಗ ದಣೀತೇನಿ. ಹೊತ್ತ ಇಳಿಯೂದ್ರೊಳಗ ಉಂಡ ಏಳ್ರಿ ನೀವು. ದಲಾಲರ ಮಾತ ಹೊರಗ ಮುಗಿಸ್ರಿ. ಇನ್ನ ಮ್ಯಾಲ ನನ್ನ ರೊಟ್ಟಿ ಎಮ್ಮಿಗೆ ಹಾಕೂದಿಲ್ಲ."

ಅಪ್ಪ ಬುಟ್ಟಿ ಎತ್ತಿಕೊಂಡು ಹಳ್ಳದ ಕಡೆ ಹೋದ. ಅವ್ವ ಮನೆಯಲ್ಲಿ ಬೀಜಕ್ಕೆಂದು ಕಟ್ಟಿಟ್ಟಿದ್ದ ಹೀರೆ ಒಡೆದು ತಂದಿದ್ದಳು. ಒಂದೊಂದು ಗುಣಿಗೆ ಎರಡೆರಡು ಬೀಜ ಹಾಕಿ ಮಣ್ಣು ಮುಚ್ಚಿದಳು. ನಾವು ಏಳುವ ಹೊತ್ತಿಗೆ ಬಾವಿಯ ಕಡೆಯಿಂದ ಸಣ್ಣ ಕಾಲುವೆಯಲ್ಲಿ ನೀರು ತೆವಳಿಕೊಂಡು ಬಂದು ನಮ್ಮ ಮೂಲೆಗೆ ತಿರುಗಿತು. ಅಪ್ಪ ಸಲಿಕೆ ಹಿಡಿದು ಮಡೆ ಕಟ್ಟುತ್ತಿದ್ದ. ನಮ್ಮನ್ನು ನೋಡಲಿಲ್ಲ. ಆಯಿ ಹೇಳದೆ ಅವನು ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಇಲ್ಲಿ ನನ್ನ ವಿಷಯ ನಾಲ್ಕು ಮಾತು ಹೇಳಿಬಿಡುತ್ತೇನೆ. ಮುಂದೆ ನಾನು ಓದಿ ಚಿಕ್ಕೋಡಿಯಲ್ಲಿ ಖಾಯಂ ನೌಕರಿಗೆ ಸೇರಿದೆ. ಮನೆಗೆ ಬಂದವರೆಲ್ಲ ಹುಡುಗಿ ದಡ ಸೇರಿದಳು ಎಂದರು. ನನಗೆ ಮಾತ್ರ ಬೆಳಗಾದರೆ ಕೆಲಸಕ್ಕೆ ಹೊರಡಲು ಮನಸ್ಸೇ ಬರುತ್ತಿರಲಿಲ್ಲ. ಒಂದು ದಿನ ರಾಜೀನಾಮೆ ಕೊಟ್ಟು ರಾಯಬಾಗದ ರಸ್ತೆಯಲ್ಲಿ ಸಸಿ ಮಾರಲು ಕುಳಿತೆ. ದಾಳಿಂಬೆ, ಪೇರಲ, ತರಕಾರಿ ಅಗಿ. ಖಾಯಂ ನೌಕರಿ ಬಿಟ್ಟ ಹೆಂಗಸನ್ನು ಜನ ದೆವ್ವ ಬಡಿದವಳನ್ನು ನೋಡುವ ಹಾಗೆ ನೋಡುತ್ತಾರೆ. ನೋಡಲಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವ ಗಾದೆಯನ್ನು ಸಮಾಧಾನಕ್ಕೆಂದು ನನಗೂ ಹೇಳಿದರು. ನನಗೆ ಆ ಗಾದೆ ಸೇರುವುದಿಲ್ಲ. ಇಂದು ಹಿಂಡಿಸಿಕೊಂಡವಳು ನಾಳೆ ಹಿಂಡಲಿ ಎಂದಷ್ಟೇ ಅದು ಹೇಳುತ್ತದೆ. ಅವ್ವ ಅವಳ ಕಾಲಕ್ಕಾಗಿ ಕಾಯಲಿಲ್ಲ. ಕಾದಿದ್ದರೆ ಇನ್ನೊಬ್ಬ ಆಯಿ ತಯಾರಾಗುತ್ತಿದ್ದಳು, ಅಷ್ಟೇ. ಪ್ರೀತಿಯಿಂದ ಮಾಡು ಎಂದು ಮಕ್ಕಳಿಗೆ ಬುದ್ಧಿ ಹೇಳುವವರಿಗೆ ನನ್ನದೊಂದು ಮಾತಿದೆ: ಒಲ್ಲೆ ಎನ್ನಲು ಬಿಡದ ಮನೆಯಲ್ಲಿ ಒಲವಿಗೆ ಜಾಗವಿಲ್ಲ.

ಅವ್ವ ಮೂಲೆಯನ್ನು ಬಿಡಲಿಲ್ಲ, ಆಯಿ ಸಿಟ್ಟನ್ನು ಬಿಡಲಿಲ್ಲ. ಮನೆಯ ಚೌಕಕ್ಕೆ ಅವ್ವ ಕಾಲಿಡಕೂಡದು ಎಂದು ಆಯಿ ಕಟ್ಟಪ್ಪಣೆ ಮಾಡಿದಳು. ತಾನೇ ಬೀಸಿದಳು, ತಾನೇ ಬೇಯಿಸಿದಳು, ಸೊಂಟ ಹಿಡಿದುಕೊಂಡು ದಿನಾ ಬಾಗಿಲಲ್ಲಿ ಒಬ್ಬಳೇ ನಿಂತಳು. ಮುನಿಗಳ ಸಂಕಲ್ಪ ಕೂಡಲಿಲ್ಲವೋ ಏನೋ, ಅವರು ನಮ್ಮ ಬಾಗಿಲಲ್ಲಿ ಮತ್ತೆ ನಿಲ್ಲಲಿಲ್ಲ. ಇತ್ತ ಮೂಲೆಯಲ್ಲಿ ಬಳ್ಳಿ ಹಂದರಕ್ಕೆ ಹಬ್ಬಿತು. ಅವ್ವ ಈಗ ಸಂಜೆಯೂ ಹೋಗುತ್ತಿದ್ದಳು, ಹೊತ್ತಿರುವಾಗಲೇ ಎಲ್ಲರಿಗೂ ಬಡಿಸಿ, ತಾನೂ ಉಂಡು. ಹೀರೆಯ ಹಳದಿ ಹೂ ಕಣ್ಣೆದುರೇ ಬಿಚ್ಚಿಕೊಳ್ಳುವುದನ್ನು ಮೊದಲ ಸಲ ನೋಡಿದಾಗ ಅವಳು ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ದೀಪಾವಳಿ ಹತ್ತಿರ ಬಂತು. ಹಬ್ಬ ಮುಗಿದರೆ ಮುನಿಗಳು ಊರು ಬಿಡುತ್ತಾರೆ. ಮೊದಲ ಹೀರೆಕಾಯಿ ಕೈಗೆ ಬಂದ ದಿನ ಅವ್ವ ಬಾವಿಯ ಪಕ್ಕದ ಮೋಟರಿನ ಖೋಲಿಯನ್ನು ತೊಳೆದು ಸಾರಿಸಿದಳು.

"ನಾನೂ ಚೌಕಾ ಹಾಕ್ತೇನಿ," ಎಂದಳು. "ಇಲ್ಲೆ. ಯಾರೂ ಹಾಕ ಅಂದಿಲ್ಲ, ಅದಕ್ಕ ಹಾಕ್ತೇನಿ."

ಮರುದಿನದಿಂದ ಅವ್ವ ಹೊಲದ ದಾರಿಯ ಬಾಯಲ್ಲಿ ಕಲಶ ಹಿಡಿದು ನಿಂತಳು. ಅವಳ ಒಂದು ಪಕ್ಕ ನಾನು. ಬಸದಿಯಿಂದ ಅಲ್ಲಿಗೆ ದೂರವೇನಿಲ್ಲ, ಆದರೆ ಆ ಕಡೆ ಮುನಿಗಳು ಬಂದ ದಿನವೇ ಇಲ್ಲ. ದೂರದಲ್ಲಿ ಓಣಿಯ ಕೂಗು ಕೇಳುತ್ತಿತ್ತು, ನಿಲ್ಲುತ್ತಿತ್ತು. ಯಾರದೋ ಮನೆಗೆ ಹೋದರು ಎಂದು ತಿಳಿಯುತ್ತಿತ್ತು. "ಉಂಡರಲ್ಲ, ಛಲೋ ಆತು," ಎಂದು ಅವ್ವ ಕಲಶ ಇಳಿಸಿ, ಆ ಅಡಿಗೆಯನ್ನು ಹೊಲದಲ್ಲಿ ಕೆಲಸ ಮಾಡುವ ಹೆಂಗಸರಿಗೆ, ನನಗೆ ಬಡಿಸಿ ತಾನೂ ನಮ್ಮ ಸಾಲಿನಲ್ಲೇ ಕುಳಿತು ಉಣ್ಣುತ್ತಿದ್ದಳು. ಬರದಿದ್ದವರಿಗಾಗಿ ಮಾಡಿದ ಆ ಅಡಿಗೆಯಷ್ಟು ರುಚಿಯಾದದ್ದನ್ನು ನಾನು ಮತ್ತೆಲ್ಲೂ ಉಂಡಿಲ್ಲ. ಒಂದು ಬೆಳಿಗ್ಗೆ ಅಪ್ಪ ಒದ್ದೆ ಧೋತರದಲ್ಲಿ ಬಂದು ಅವಳ ಇನ್ನೊಂದು ಪಕ್ಕ ನಿಂತ. ಅವ್ವ ಕಣ್ಣ ತುದಿಯಿಂದ ನೋಡಿದಳು.

"ಯಾರ ಅಂದ್ರ ನಿಲ್ಲಂತ?"

"ಯಾರೂ ಇಲ್ಲ," ಎಂದ ಅಪ್ಪ, ಹುಡುಗನ ಹಾಗೆ ನಾಚಿ.

ಹಬ್ಬಕ್ಕೆ ಇನ್ನೇನು ಒಂದೆರಡು ದಿನ ಇರುವಾಗ, ನಾವು ಮೂವರೂ ಹೀಗೆಯೇ ನಿಂತಿದ್ದೆವು. ಓಣಿಯ ಕೂಗು ನಿಂತು ಆಗಲೇ ಹೊತ್ತಾಗಿತ್ತು. ಅವ್ವ ಕಲಶ ಇಳಿಸಬೇಕು ಅನ್ನುವಾಗ ದಾರಿಯಲ್ಲಿ ಆಯಿ ಕಂಡಳು. ಕೋಲೂರಿಕೊಂಡು, ಮಡಿಸೀರೆಯಲ್ಲೇ, ಬರಿಗಾಲಲ್ಲಿ ಬರುತ್ತಿದ್ದಳು. ತನ್ನ ಚೌಕವನ್ನು ಹಾಗೆಯೇ ಬಿಟ್ಟು ಬಂದಿರಬೇಕು. ಅಪ್ಪ ಜೋಡಿಸಿದ್ದ ಕೈ ತಾನಾಗಿ ಬಿಚ್ಚಿಹೋಯಿತು. ಬೈಗುಳಕ್ಕೆ ನಾನು ಮೈ ಗಟ್ಟಿ ಮಾಡಿಕೊಂಡೆ. ಆಯಿ ಹತ್ತಿರ ಬಂದು, ಮುನಿಗಳು ನಿಲ್ಲುವಷ್ಟು ದೂರದಲ್ಲಿ ನಿಂತಳು. ಹಂದರ ನೋಡಿದಳು, ಖೋಲಿಯಿಂದ ಬರುತ್ತಿದ್ದ ಒಲೆಯ ಹೊಗೆ ನೋಡಿದಳು. ಉಸಿರು ಹತ್ತಿತ್ತು. ಹಸಿದಿದ್ದಳು, ಮುಖದಲ್ಲೇ ಗೊತ್ತಾಗುತ್ತಿತ್ತು. ಕೊನೆಗೆ ಅವ್ವನ ಮುಖ ನೋಡಿ, ತನ್ನದಲ್ಲವೆಂಬಷ್ಟು ಮೆತ್ತಗಿನ ದನಿಯಲ್ಲಿ ಕೇಳಿದಳು:

"ಕುಸುಮಾ, ಇವತ್ತ ಮನಃಶುದ್ಧಿ ಐತೇನ?"

ಅವ್ವನ ಕಣ್ಣು ತುಂಬಿತು, ಆದರೆ ಅವಳು ಕಣ್ಣು ತಗ್ಗಿಸಲಿಲ್ಲ.

"ಇವತ್ತ ಐತ್ರಿ ಆಯಿ, ಬರ್ರಿ. ನಾಳಿನ ಮಾತ ನಾಳೆ ಕೇಳ್ರಿ."